ಋತುವೋ, ಹಂಗಾಮೋ? – ಆನ್‌ಲೈನ್ ಆಟಗಳ ಕಾಲವ್ಯತ್ಯಾಸ ವಿಚಾರ

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯು 171 ಅಡಿಗಳ ಎತ್ತರದಿಂದ ಧುಮುಕುತ್ತದೆ. ಮಳೆಗಾಲದಲ್ಲಿ ಕುದುರೆಲಾಳದ ಆಕಾರದ ಬಂಡೆಯ ಅಂಚೆಲ್ಲವೂ ಕೆನ್ನೀರಿನಿಂದ ಮುಚ್ಚಿಹೋಗುವುದು. ಬೇಸಗೆಯಲ್ಲಿ ಅದೇ ಬಂಡೆಯು ಬರಿದಾಗಿ ತೋರುವುದು. ಇದು ಋತುಧರ್ಮ. ಆದರೆ ಮೇಲುಗಡೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಆದಂದಿನಿಂದ ಈ ಧುಮುಕು ಮಳೆಯೊಂದನ್ನೇ ನಂಬಿಕೊಂಡಿರುವುದಿಲ್ಲ. ಅಣೆಕಟ್ಟಿನ ಬಾಗಿಲುಗಳನ್ನು ತೆರೆಯಿಸುವವರ ಅಪ್ಪಣೆಯನ್ನೂ ನಂಬಿಕೊಂಡಿದೆ. ಆಕಾಶವು ತರುವ ಕಾಲವೊಂದು, ಮನುಷ್ಯನು ಗೊತ್ತುಮಾಡುವ ಕಾಲವೊಂದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆದಾಗ ಉಂಟಾಗುವ ತೊಡಕು ಈಚಿನ ಆನ್‌ಲೈನ್ ಆಟಗಳಲ್ಲಿ ಬಹಳ ಸ್ಪಷ್ಟವಾಗಿ ಕಂಡುಬರುತ್ತದೆ.

ಈ ಆಟಗಳಲ್ಲಿ ‘ಸೀಸನ್’ ಎಂಬುದೊಂದು ಕಾಲವಿಭಾಗವುಂಟು. ‘ಪಬ್ಜಿ’ ಎಂದು ಜನರು ಕರೆಯುವ ಆಟವನ್ನೂ, ಅದರ ಸ್ಥಾನದಲ್ಲಿ ಬಂದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬುದನ್ನೂ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸುಮಾರು ಎರಡು ತಿಂಗಳ ಒಂದು ಸೀಸನ್ನಿನಲ್ಲಿ ಆಟಗಾರನು ಬ್ರಾಂಜ್, ಸಿಲ್ವರ್, ಗೋಲ್ಡ್ ಮುಂತಾದ ಮೆಟ್ಟಿಲುಗಳನ್ನು ಏರುತ್ತಾನೆ. ಎಲ್ಲಕ್ಕೂ ಮೇಲಿನದು ‘ಕಾಂಕರರ್’. ಅದು ಮೊದಲ 500 ಮಂದಿಗೆ ಮಾತ್ರ ಮೀಸಲು. ಸೀಸನ್ ಮುಗಿದೊಡನೆ ಪದವಿಯು ಕೆಳಗಿಳಿದು ಏರಿಕೆಯು ಪುನಃ ಆರಂಭವಾಗುವುದು. ಆದುದರಿಂದ ಅವಧಿಯನ್ನು ಹಠಾತ್ತಾಗಿ ಮೊಟಕುಗೊಳಿಸಿದರೆ ಕೊನೆಯ ವಾರಕ್ಕೆಂದು ಬಿಡುವನ್ನು ಕೂಡಿಸಿಟ್ಟವನು ನಷ್ಟಪಡುವನು. ಹೆಚ್ಚಿಸಿದರೆ? ಆಗಲೂ ನಷ್ಟವುಂಟು, ಅದು ಆಗಲೇ ಮೇಲೇರಿದವನ ಪಾಲಿಗೆ. ಐನೂರರೊಳಗಿನ ಸ್ಥಾನವು ಗಳಿಸಿದ ಮಾತ್ರಕ್ಕೆ ನಿಲ್ಲತಕ್ಕುದಲ್ಲ. ಕೊನೆಯ ದಿನದವರೆಗೆ ಕಾಯಬೇಕಾದುದು. ಗಿರಣಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಎರಡು ಗಳಿಗೆ ಆಡುವವನಿಗೆ ಹತ್ತು ದಿನಗಳ ‘ಕೊಡುಗೆ’ಯೆಂಬುದು ಹತ್ತು ದಿನಗಳ ನಿದ್ರಾಭಂಗವೇ ಆಗಿ ಪರಿಣಮಿಸುತ್ತದೆ. ಇದನ್ನರಿಯದವರು ಆಟಗಾರರ ಅಸಮಾಧಾನವನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವರು.

ಇನ್ನು ಶಬ್ದವಿಚಾರ. ಕನ್ನಡ ಪತ್ರಿಕೆಗಳಲ್ಲಿ ಕ್ರೀಡೆಯ ‘ಸೀಸನ್’ ಶಬ್ದಕ್ಕೆ ‘ಋತು’ ಎಂದು ಬರೆಯುವ ರೂಢಿಯುಂಟು. ಋತು ಶಬ್ದವು ಗತ್ಯರ್ಥಕವಾದ ಋ ಧಾತುವಿಗೆ ಉಣಾದಿಯ ತು ಪ್ರತ್ಯಯವು ಸೇರಿ ಆದುದು. ತನ್ನ ಗತಿಯಿಂದ ತಾನೇ ಬರುವ, ಕರ್ಮಕ್ಕೆ ಯೋಗ್ಯವಾದ ನಿಯತಕಾಲವೆಂಬುದೇ ಅದರ ಹುರುಳು. ವಸಂತವನ್ನು ಯಾರೂ ಒಂದು ವಾರ ಮುಂದೂಡಲಾರರು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಒಕ್ಕಲಿಗನ ಬಾಯಲ್ಲಿ ಬೇರೊಂದು ಮಾತಿದೆ: ಹಂಗಾಮು. ಇದು ಪಾರಸಿಯ ‘ಹಂಗಾಮ್’, ಮರಾಠಿಯಲ್ಲಿಯೂ ಬಳಕೆಯಲ್ಲಿರುವುದು. ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು ಎಂಬಲ್ಲಿ ಇದು ಋತುವಿಗೆ ಸಮೀಪವಾದರೂ, ಕಬ್ಬು ಅರೆಯುವ ಹಂಗಾಮು ಎಂಬಲ್ಲಿ ಹಾಗಲ್ಲ. ಅದು ಎಂದು ಆರಂಭವಾಗಬೇಕೆಂಬುದನ್ನು ಸರಕಾರವು ಗೊತ್ತುಪಡಿಸುವುದು. ದರದ ತಂಟೆ ಎದ್ದರೆ ಗಾಣ ನಿಲ್ಲುವುದು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ಕುಳಿತಾಗ ಈ ಸಂಗತಿಯನ್ನು ನಾಡೆಲ್ಲವೂ ಕಂಡಿತು. ಇದೇ ಶಬ್ದದಿಂದ ಹುಟ್ಟಿದ ‘ಹಂಗಾಮಿ’ ಎಂಬುದಕ್ಕೆ ತಾತ್ಕಾಲಿಕ ಎಂದರ್ಥ. ಆಟದ ಸೀಸನ್ನು ಋತುವಲ್ಲ, ಹಂಗಾಮು. ಋತುವೆಂದು ನಂಬಿ ನಡೆದವನಿಗೆ ಅದರ ಹಂಗಾಮಿತನವು ತಡವಾಗಿ ತಿಳಿಯುತ್ತದೆ.

ಇದಕ್ಕೆ ದೊಡ್ಡ ನಿದರ್ಶನವು 2021ರಲ್ಲಿ ದೊರೆಯಿತು. ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಆಟವು ಆ ವರ್ಷದ ಜುಲೈ 2ರಂದು ಬಿಡುಗಡೆಯಾಯಿತು. ಒಟ್ಟು 1 ಕೋಟಿ ರೂಪಾಯಿ ಬಹುಮಾನದ ಮೊದಲ ಸ್ಪರ್ಧಾಮಾಲೆಯೂ ಘೋಷಿತವಾಯಿತು. ಅಂತಿಮ ಸ್ಪರ್ಧೆಯು ಅಕ್ಟೋಬರಿನಲ್ಲಿ ನಡೆಯುವುದೆಂದು ಪ್ರಕಟವಾಗಿದ್ದಿತು. ನಡೆದುದು 2022ರ ಜನವರಿ 13ರಿಂದ 16ರ ವರೆಗೆ. ದಸರೆಯ ಹೊತ್ತಿಗೆ ಮುಗಿಯಬೇಕಾದುದು ಸಂಕ್ರಾಂತಿಯ ಹೊತ್ತಿಗೆ ಮುಗಿಯಿತೆಂದಾಯಿತು. ನಾಲ್ವರ ತಂಡದಲ್ಲಿ ಒಬ್ಬನಿಗೆ ಪರೀಕ್ಷೆ, ಇನ್ನೊಬ್ಬನಿಗೆ ಕೆಲಸ. ಅಕ್ಟೋಬರಿಗೆ ಹೊಂದಿಸಿಟ್ಟ ಬಿಡುವು ಜನವರಿಗೆ ಒದಗದು. ಅದೇ ವರ್ಷದ ಜುಲೈ 28ರಂದು ಆ ಆಟವನ್ನು ಆಪ್ ಅಂಗಡಿಗಳಿಂದ ತೆಗೆಯಲಾಯಿತು. ಪುನಃ ಆಡಲು ಅನುವಾದುದು 2023ರ ಮೇ 29ರಂದು. ಈ ಎರಡನೆಯ ಸಂಗತಿಗೆ ಸ್ಪರ್ಧೆ ನಡೆಯಿಸುವವರನ್ನು ದೂಷಿಸುವುದು ನ್ಯಾಯವಲ್ಲ. ಸರಕಾರದ ಆಜ್ಞೆಯನ್ನು ಮುಂಗಂಡು ಕಾರ್ಯಕ್ರಮ ಬರೆಯುವುದು ಯಾರಿಗೂ ಸಾಧ್ಯವಿಲ್ಲ.

ಹಾಗಾದರೆ ನೋವು ಬದಲಾವಣೆಯಿಂದಲೇ ಉಂಟಾಗುತ್ತದೆಯೆ? ಇದನ್ನು ಪರೀಕ್ಷಿಸುವುದಕ್ಕೆ 2020ರ ಸಪ್ಟೆಂಬರು ತಕ್ಕುದಾಗಿದೆ. ಆ ತಿಂಗಳ 2ರಂದು ಭಾರತ ಸರಕಾರವು 118 ಆಪ್‌ಗಳನ್ನು ನಿಷೇಧಿಸಿತು, ‘ಪಬ್ಜಿ’ಯೂ ಅವುಗಳಲ್ಲೊಂದು. ನಡೆಯುತ್ತಿದ್ದ ಏರಿಕೆಯೆಲ್ಲವೂ ಅನಿಶ್ಚಿತವಾಯಿತು. ಅದೇ ತಿಂಗಳ 18ರಂದು ಅಧಿಕ ಆಶ್ವಯುಜವು ಪ್ರಾರಂಭವಾಯಿತು. ಮಹಾಲಯದ ಮರುದಿನ ಆರಂಭವಾಗಬೇಕಾಗಿದ್ದ ನವರಾತ್ರಿಯು ಅಕ್ಟೋಬರು 17ಕ್ಕೆ, ಅಂದರೆ ಇಡಿಯ ಒಂದು ತಿಂಗಳು ಮುಂದಕ್ಕೆ ಹೋಯಿತು. ಇದು ಸಾಮಾನ್ಯವಾದ ಬದಲಾವಣೆಯಲ್ಲ. ಆದರೂ ಇದಕ್ಕಾಗಿ ಯಾರೂ ಸಿಟ್ಟಾಗಲಿಲ್ಲ. ಕಾರಣವೇನೆಂದರೆ, ಶಾರ್ವರಿ ಸಂವತ್ಸರದ ಪಂಚಾಂಗದಲ್ಲಿ ಅದು ಯುಗಾದಿಗಿಂತ ಮೊದಲೇ ಅಚ್ಚಾಗಿದ್ದಿತು. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು; ಸಂಕ್ರಾಂತಿಯಿಲ್ಲದ ಚಾಂದ್ರಮಾಸವು ಅಧಿಕವು; 19 ವರ್ಷಗಳಲ್ಲಿ ಇಂತಹವು 7. ಮುಂದೂಡಿಕೆಯೇ ವಿಧಿಯ ಒಂದು ಅಂಗವಾಗಿರುವಲ್ಲಿ ಅದು ವ್ಯತ್ಯಾಸವೆಂದೇ ಎನಿಸಿಕೊಳ್ಳುವುದಿಲ್ಲ. ಆಟಗಾರನಿಗೆ ಇಲ್ಲದುದು ಈ ವಿಧಿಯೇ. ದಿನವು ಬದಲಾದುದು ಅವನಿಗೆ ಒಂದು ಪ್ರಕಟನೆಯಿಂದ ತಿಳಿಯುವುದೇ ಹೊರತು, ಯಾವ ಯಾವ ಕಾರಣಗಳಿಂದ, ಎಷ್ಟು ದಿನಗಳ ಮಟ್ಟಿಗೆ ಬದಲಾಗಬಹುದೆಂಬುದು ಮೊದಲೇ ತಿಳಿದಿರುವುದಿಲ್ಲ.

ಮತ್ತೊಂದು ಅಂಶವೂ ವಿಚಾರಾರ್ಹವಾಗಿದೆ. ದರ್ಶಪೂರ್ಣಮಾಸಗಳನ್ನು ಹಿಡಿದವನು ಅಮಾವಾಸ್ಯೆಯ ಅಥವಾ ಪೂರ್ಣಿಮೆಯ ಇಷ್ಟಿಯನ್ನು ಕಾಲದಲ್ಲಿ ಮಾಡದೆ ತಪ್ಪಿಸಿದರೆ ‘ಪಥಿಕೃತ್’ ಎಂಬ ಅಗ್ನಿಗೆ ಎಂಟು ಕಪಾಲಗಳ ಪುರೋಡಾಶವನ್ನು ಅರ್ಪಿಸತಕ್ಕುದೆಂದು ತೈತ್ತಿರೀಯ ಸಂಹಿತೆಯು ವಿಧಿಸುತ್ತದೆ. ದಾರಿ ತಪ್ಪಿದವನಿಗೆ ದಾರಿ ಮಾಡಿಕೊಡುವವನು ಆ ದೇವತೆ. ಇಲ್ಲಿ ಕಾಲವನ್ನು ತಪ್ಪಿಸಿದವನೇ ಪ್ರಾಯಶ್ಚಿತ್ತಕ್ಕೆ ಹೊಣೆ. ಸ್ಪರ್ಧೆಗಳಲ್ಲಿ ಇದು ತಿರುಗುಮುರುಗಾಗಿದೆ: ಕಾಲವನ್ನು ಕದಲಿಸುವವರು ನಡೆಯಿಸುವವರು, ತೆರುವವನು ಆಡುವವನು. ಆಟಗಾರನು ಗೊತ್ತಾದ ವೇಳೆಗೆ ಬಾರದಿದ್ದರೆ ತಂಡವು ಸೋತಂತೆಯೇ. ವೇಳೆಯೇ ಅವನಲ್ಲಿಗೆ ಬಾರದಿದ್ದರೆ ಕೇಳುವವರಿಲ್ಲ.

ಅಧಿಕಮಾಸಕ್ಕೆ ‘ಮಲಮಾಸ’ವೆಂಬ ಹೆಸರೂ ಉಂಟು, ಅದರಲ್ಲಿ ಮದುವೆ ಮುಂಜಿಗಳು ನಡೆಯವು. ಹೆಚ್ಚಿಗೆ ಬಂದ ಕಾಲವನ್ನು ಹೆಚ್ಚಿಗೆಯೆಂದೇ ಗುರುತಿಸಿ ಬೇರೆಯಿಡುವ ಈ ಉಪಾಯವು ಸೀಸನ್ನಿನ ವಿಸ್ತರಣೆಗೂ ಹೊಂದತಕ್ಕುದಾಗಿದೆ. ಮೊದಲು ಪ್ರಕಟಿಸಿದ ದಿನದಂದು ಯಾರು ಯಾವ ಮೆಟ್ಟಿಲಿನಲ್ಲಿದ್ದರೋ ಅದನ್ನು ಸ್ಥಿರಗೊಳಿಸಿ, ಮೇಲಣ ದಿನಗಳ ಆಟದಿಂದ ಏರಿಕೆಯಾಗಬಹುದು, ಇಳಿಕೆಯಾಗಲಾಗದು ಎಂದು ನಿಯಮಿಸಿದರೆ ರಾತ್ರಿಪಾಳಿಯವನಿಗೆ ನಿದ್ದೆ ಉಳಿಯುವುದು. ಐನೂರರ ಪಟ್ಟಿಯಲ್ಲಿ ಹೊಸಬರು ಸೇರಿದಾಗ ಸಂಖ್ಯೆಯು ಮಿಕ್ಕುವುದು ನಿಜ. ಆದರೆ ಮಿಕ್ಕ ಮಾಸವನ್ನು ತಾಳಿಕೊಂಡ ನಾಡಿಗೆ ಮಿಕ್ಕ ಹೆಸರುಗಳನ್ನು ತಾಳುವುದು ಕಷ್ಟವಲ್ಲ. 2025ರ ಆಗಸ್ಟಿನಲ್ಲಿ ಅಂಗೀಕೃತವಾದ ಆನ್‌ಲೈನ್ ಆಟಗಳ ಕೇಂದ್ರ ಕಾಯಿದೆಯು ಹಣವೊಡ್ಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬುದನ್ನು ಅದರಿಂದ ಬೇರ್ಪಡಿಸಿ ಮನ್ನಿಸಿದೆ. ಕ್ರೀಡೆಯೆಂದು ಮನ್ನಣೆ ಪಡೆದುದಕ್ಕೆ ಪಂಚಾಂಗವೊಂದು ಬೇಕಾಗುವುದು ಸಹಜವೇ. ಅದುವರೆಗೆ ಕನ್ನಡದಲ್ಲಿ ಬರೆಯುವವರು, ವಿಶೇಷವಾಗಿ ಉಪಾಧ್ಯಾಯರು, ‘ಕ್ರೀಡಾಋತು’ವನ್ನು ಬಿಟ್ಟು ‘ಆಟದ ಹಂಗಾಮು’ ಎಂದು ಬರೆದರೆ ಅರ್ಥಕ್ಕೆ ಹೆಚ್ಚು ಸಮೀಪವಾಗುವುದು.