ವ್ಯಾನಿನ ಹಿಂದಿನ ಡೋರಿಗೆ ಸ್ಪ್ರೇಯರ್ ನೇತು ಹಾಕಿದ್ದೀರಾ? ಮಳೆಗಾಲಕ್ಕೆ ಮುಂಚೆ ಒಮ್ಮೆ ಕೀಲು ನೋಡಿ

ಹೋದ ವರ್ಷ ಜೂನ್ ಮೊದಲ ವಾರ. ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರು ಕಡೆ ಒಂದು ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯೋಕೆ ಹೋಗಿದ್ವಿ. ಬೆಳಿಗ್ಗೆ ಏಳು ಗಂಟೆ. ವ್ಯಾನ್ ನಿಲ್ಲಿಸಿ ಹಿಂದಿನ ಡೋರ್ ತೆಗೆದೆ. 'ಕರ್' ಅಂತ ಒಂದು ಸದ್ದು. ಮೇಲಿನ ಕೀಲು ತಗಡಿನ ಸಮೇತ ಕಿತ್ತು ಬಂತು. ಡೋರು, ಅದರ ಮೇಲಿದ್ದ ಕ್ಯಾರಿಯರ್, ಎಚ್‌ಟಿಪಿ ಸ್ಪ್ರೇಯರ್, ಪೈಪಿನ ಸುರುಳಿ ಎಲ್ಲಾ ಒಟ್ಟಿಗೆ ನೆಲಕ್ಕೆ. ನಮ್ಮ ಹುಡುಗ ಡ್ರಮ್ ಇಳಿಸೋಕೆ ಅಂತ ಅಲ್ಲೇ ನಿಂತಿದ್ದ. ಒಂದು ಹೆಜ್ಜೆ ಮುಂದಿದ್ದಿದ್ರೆ ಅವನ ಪಾದ ಉಳೀತಿರಲಿಲ್ಲ.

ಪಂಪು ಹಾಳಾಯ್ತು, ನಾಲ್ಕು ದಿನ ಕೆಲಸ ನಿಂತಿತು. ಅಷ್ಟರಲ್ಲಿ ಮಳೆ ಹಿಡ್ಕೊಂಡಿತು. ಕೊಳೆ ರೋಗಕ್ಕೆ ಮೊದಲ ಸಿಂಪಡಣೆ ಮಳೆ ಹಿಡಿಯೋ ಮುಂಚೆ ಆಗಬೇಕು ಅನ್ನೋದು ಅಡಿಕೆ ಬೆಳೆಯೋರಿಗೆಲ್ಲ ಗೊತ್ತು. ಮಾತು ಕೊಟ್ಟ ತೋಟದ ಯಜಮಾನ್ರಿಗೆ ಮುಖ ತೋರಿಸೋಕೆ ನಾಚಿಕೆಯಾಯ್ತು. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದೇ. ಅದಕ್ಕೇ ಈ ವಾರ ಔಷಧಿ, ಗೊಬ್ಬರದ ಮಾತು ಬಿಟ್ಟು ಡೋರಿನ ಮಾತು.

ಡೋರಿಗೇ ಯಾಕೆ ಹಾಕಿದ್ದೆ?

ಸೀಸನ್‌ನಲ್ಲಿ ನಾವು ಮೂರು ಜನ ಊರೂರು ತಿರುಗಿ ಸಿಂಪಡಣೆ ಮಾಡ್ತೀವಿ. ದಿನಾ ಶಿವಮೊಗ್ಗಕ್ಕೆ ವಾಪಸ್ ಬಂದ್ರೆ ಡೀಸೆಲ್ಲೂ ದಂಡ, ಹೊತ್ತೂ ದಂಡ. ಅದಕ್ಕೆ ಒಂದು ಹಳೇ ವ್ಯಾನ್ ತಗೊಂಡು ಹಿಂದಿನ ಸೀಟು ತೆಗೆಸಿ, ಪ್ಲೈವುಡ್ಡಿನ ಮಂಚ ಮಾಡಿಸಿದೆ. ಪೇಟೆಯವರು ಇದಕ್ಕೆ ಕ್ಯಾಂಪರ್ ವ್ಯಾನ್ ಅಂತಾರೆ, ನಮಗೆ ಅದು ತೋಟದ ಬಿಡಾರ. ಮಂಚ ಬಂದ ಮೇಲೆ ಒಳಗೆ ಸಾಮಾನಿಗೆ ಜಾಗ ಇಲ್ಲ. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಹಿಂದಿನ ಡೋರಿಗೇ ಕಬ್ಬಿಣದ ಕ್ಯಾರಿಯರ್ ಕೂರಿಸಿ ಅಂತ ನಾನೇ ಹೇಳಿದೆ. ಪಕ್ಕಕ್ಕೆ ತೆರೆಯೋ ಡೋರು, ನೋಡೋಕೆ ಗಟ್ಟಿಯಾಗೇ ಇತ್ತು.

ತಲೆಯಲ್ಲಿದ್ದ ಲೆಕ್ಕ ಇಷ್ಟೇ: ಬೊಲೆರೋ ಹಿಂದಿನ ಡೋರು ಸ್ಟೆಪ್ನಿ ಹೊರುತ್ತಲ್ಲ, ನನ್ನ ಡೋರು ಸ್ಪ್ರೇಯರ್ ಹೊರಲ್ವಾ?

ಭದ್ರಾವತಿಯ ಮೇಸ್ತ್ರಿ ಹೇಳಿದ ಪಾಠ

ಮುರಿದ ಡೋರು ಹಗ್ಗದಲ್ಲಿ ಕಟ್ಕೊಂಡು ಭದ್ರಾವತಿಗೆ ಹೋದೆ. 1923ರಲ್ಲಿ ಕಬ್ಬಿಣ ತೆಗೆಯೋಕೆ ಶುರು ಮಾಡಿದ ಕಾರ್ಖಾನೆಯ ಊರು ಅದು. ವಿಐಎಸ್‌ಎಲ್‌ನಲ್ಲಿ ದುಡಿದು ನಿವೃತ್ತರಾದ ಮೇಸ್ತ್ರಿಯೊಬ್ಬರು ಮನೆ ಮುಂದೆ ಸಣ್ಣ ವೆಲ್ಡಿಂಗ್ ಕೆಲಸ ಮಾಡ್ತಾರೆ.

"ಮೇಸ್ತ್ರೀ, ಇದನ್ನ ಇನ್ನೂ ದಪ್ಪ ಪಟ್ಟಿ ಹಾಕಿ ಗಟ್ಟಿ ಮಾಡಿಕೊಡಿ" ಅಂದೆ.

ಅವರು ಡೋರು ನೋಡಲಿಲ್ಲ. ಮೂಲೆಯಲ್ಲಿದ್ದ ನೀರು ತುಂಬಿದ ಬಕೆಟ್ ತೋರಿಸಿ, "ತಮ್ಮಾ, ಅದನ್ನ ಎದೆಗೆ ಒತ್ತಿ ಹಿಡ್ಕೋ" ಅಂದ್ರು. ಹಿಡಿದೆ. "ಈಗ ಕೈ ಚಾಚಿ ಹಿಡಿ." ಎಣಿಸಿ ಹತ್ತು ಸೆಕೆಂಡ್ ಆಗಲಿಲ್ಲ, ಭುಜ ಸೋತಿತು.

"ಬಕೆಟ್ ಅದೇ, ನೀರೂ ಅದೇ. ದೂರ ಮಾತ್ರ ಬೇರೆ. ನಿನ್ನ ಭುಜಕ್ಕೆ ಆದದ್ದೇ ಕೀಲಿಗೆ ಆಗಿದ್ದು ಮಾರಾಯಾ."

ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಬರೆದ್ರು. ನೀವೂ ನಿಮ್ಮ ಗಾಡಿಗೆ ಮಾಡಿ ನೋಡಿ.

- ಸ್ಪ್ರೇಯರ್ 40 ಕೆಜಿ, ಪೈಪಿನ ಸುರುಳಿ 15 ಕೆಜಿ, ಕ್ಯಾರಿಯರ್ 15 ಕೆಜಿ. ಒಟ್ಟು 70 ಕೆಜಿ.
- ಡೋರಿನದ್ದೇ ತೂಕ ಸುಮಾರು 30 ಕೆಜಿ. ಅಲ್ಲಿಗೆ 100 ಕೆಜಿ.
- ಕೀಲಿನಿಂದ ಭಾರದ ನಡುಮಧ್ಯಕ್ಕೆ ಇರೋ ದೂರ 55 ಸೆಂ.ಮೀ.
- ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ಇರೋ ಅಂತರ 50 ಸೆಂ.ಮೀ.

ತೂಕವನ್ನು ದೂರದಿಂದ ಗುಣಿಸಿ, ಕೀಲುಗಳ ಅಂತರದಿಂದ ಭಾಗಿಸಿ. 100 × 55 ÷ 50 = 110. ಅಂದ್ರೆ ಡೋರು ತೆರೆದಾಗ ಮೇಲಿನ ಕೀಲನ್ನು 110 ಕೆಜಿ ಬಲ ಹೊರಗೆ ಎಳೀತಾ ಇರುತ್ತೆ, ಕೆಳಗಿನದನ್ನು ಅಷ್ಟೇ ಬಲ ಒಳಗೆ ತಳ್ತಾ ಇರುತ್ತೆ. ಇದು ಗಾಡಿ ನಿಂತಾಗಿನ ಲೆಕ್ಕ. ಡೋರು ಮುಚ್ಚಿದಾಗ ಲಾಕು ಸ್ವಲ್ಪ ಭಾರ ಹೊರುತ್ತೆ, ನಿಜ. ಆದರೆ ಹಂಪ್ ಅಥವಾ ಗುಂಡಿಗೆ ಬಿದ್ದಾಗ ಅದೇ ಭಾರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚಾಗಿ ಜಗ್ಗುತ್ತೆ. ಬಿ.ಎಚ್. ರೋಡ್ ಬಿಟ್ಟು ತೋಟದ ದಾರಿಗೆ ಇಳಿದ ಮೇಲೆ ಅಂಥ ಜಗ್ಗು ಎಷ್ಟು ಸಲ ಅಂತ ನೀವೇ ಎಣಿಸಿ.

ಕೀಲು ಕೂತಿರೋ ತಗಡು ಸಾಮಾನ್ಯವಾಗಿ ಒಂದು ಮಿ.ಮೀ.ಗಿಂತ ತೆಳು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ತುಂಡಾಗುತ್ತಲ್ಲ, ತಗಡೂ ಹಾಗೇ. ಒಂದೇ ದಿನ ಮುರಿಯಲ್ಲ. ಒಳಗೊಳಗೇ ಸೀಳು ಬೆಳೀತಾ ಹೋಗಿ, ಲಾಕಿನ ಆಸರೆ ತಪ್ಪಿದ ಗಳಿಗೆಯಲ್ಲಿ, ಅಂದ್ರೆ ನಾವು ಡೋರು ತೆಗೆದಾಗ, ಕೈ ಕೊಡುತ್ತೆ. ಆಗ ಜನ ಅಲ್ಲೇ ನಿಂತಿರ್ತಾರೆ.

"ಹಂಗಾದ್ರೆ ಸ್ಟೆಪ್ನಿ?" ಅಂತ ಕೇಳಿದೆ. ಸ್ಟೆಪ್ನಿ ಸುಮಾರು 20 ಕೆಜಿ, ಡೋರಿಗೆ ಅಂಟಿಕೊಂಡೇ ಇರುತ್ತೆ. ಅದನ್ನ ಹೊರಬೇಕು ಅಂತಲೇ ಕಂಪನಿ ಆ ಡೋರಿನ ಒಳಗೆ ಬಲ ಕೊಟ್ಟಿರುತ್ತೆ. ನನ್ನದು ಅದರ ಮೂರು ಪಟ್ಟಿಗೂ ಹೆಚ್ಚು, ಮೇಲಾಗಿ ಒಂದು ಗೇಣು ಹೊರಗೆ ಚಾಚಿತ್ತು. ದಪ್ಪ ಪಟ್ಟಿ ಹಾಕಿದ್ರೆ ಡೋರು ಗಟ್ಟಿಯಾಗುತ್ತೆ, ಆದರೆ ಜಗ್ಗು ಹೋಗಿ ಗಾಡಿಯ ಕಂಬದ ತಗಡಿಗೆ ಬೀಳುತ್ತೆ. ಜೊತೆಗೆ ತೂಕ ಇನ್ನೂ ಏರುತ್ತೆ.

ಮೈಲುತುತ್ತ ಮಾಡಿದ ಇನ್ನೊಂದು ಕೆಲಸ

ಕಿತ್ತುಬಂದ ತಗಡಿನ ಅಂಚು ಪೂರ್ತಿ ತುಕ್ಕು. ಮಳೆ ಒಂದೇ ಅದಕ್ಕೆ ಕಾರಣ ಅಲ್ಲ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಬೋರ್ಡೋ ಮಾಡಿದ ಮೇಲೆ ಕಬ್ಬಿಣದ ಚಾಕು ಅದ್ದಿ ನೋಡ್ತೀವಿ. ಚಾಕು ಕೆಂಪಗಾದ್ರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಏನು? ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗಿ ಹೋಗಿರೋದು. ಅದೇ ಕೆಲಸ ಡೋರಿನ ಕೀಲಿನಲ್ಲೂ ನಡೀತಾ ಇತ್ತು. ಮೈಲುತುತ್ತದ ಬಕೆಟ್ಟು, ತೊಟ್ಟಿಕ್ಕೋ ಪೈಪು ಎಲ್ಲಾ ಅಲ್ಲೇ ನೇತಾಡ್ತಿದ್ವು. ಸಂಜೆ ಪಂಪು ತೊಳೆದ ಹಾಗೆ ಕೀಲನ್ನೂ ಶುದ್ಧ ನೀರಲ್ಲಿ ತೊಳೆದು, ಒರೆಸಿ, ಗ್ರೀಸ್ ಹಚ್ಚಿದ್ದಿದ್ರೆ ಇಷ್ಟು ಬೇಗ ತಿಂದುಹೋಗ್ತಿರಲಿಲ್ಲ.

ಈಗ ಹೇಗೆ ಮಾಡಿದ್ದೀನಿ

ಡೋರಿಗೆ ವೆಲ್ಡಿಂಗ್ ಮಾಡೋಕೆ ಮೇಸ್ತ್ರಿ ಒಪ್ಪಲೇ ಇಲ್ಲ. "ಬಾಗಿಲು ಇರೋದು ಮುಚ್ಚೋಕೆ, ಹೊರೋಕಲ್ಲ. ಭಾರ ನೆಲಕ್ಕೆ ಕೊಡು" ಅಂದ್ರು. ಅದರಂತೆ:

1. ಮಂಚವನ್ನು ಮೇಲೆತ್ತಿ, ಅದರ ಕೆಳಗೆ ಹಿಂದಕ್ಕೆ ಎಳೆಯೋ ಕಬ್ಬಿಣದ ಟ್ರೇ ಮಾಡಿಸಿದ್ವಿ. ಸ್ಪ್ರೇಯರ್, ಪೈಪು ಎರಡೂ ಅದರಲ್ಲೇ. ಟ್ರೇ ಹೊರಗೆ ಎಳೆದಾಗ ನೆಲಕ್ಕೆ ಊರೋ ಮಡಚುವ ಕಾಲು ಇದೆ. ಓಡುವಾಗ ಜಾರದಂತೆ ಪಿನ್ ಲಾಕು, ಮೇಲಿಂದ ಎರಡು ರ‍್ಯಾಚೆಟ್ ಬೆಲ್ಟು.
2. ಟ್ರೇಯ ಬೋಲ್ಟು ಬರೀ ತಗಡಿಗೆ ಬಿಗಿದ್ರೆ ಸಾಲದು. ಗಾಡಿಯ ಕೆಳಗಿನಿಂದ ಅಂಗೈ ಅಗಲದ ದಪ್ಪ ಪ್ಲೇಟ್ ಕೊಟ್ಟು ಬಿಗಿಯಬೇಕು. ತೂತು ಕೊರೆಯೋ ಮುಂಚೆ ಇಂಧನದ ಪೈಪು, ಟ್ಯಾಂಕು, ವೈರು ಎಲ್ಲಿದೆ ಅಂತ ಕೆಳಗೆ ಮಲಗಿ ನೋಡಿ.
3. ಡೋರಿನ ಮೇಲೆ ಈಗ ಟಾರ್ಪಾಲು, ಗ್ಲೌಸು, ಮಾಸ್ಕು ಇರೋ ಚೀಲ ಮಾತ್ರ. ಎಲ್ಲಾ ಸೇರಿ ಐದು ಕೆಜಿ.

ಹೊರಗೇ ಹಾಕಬೇಕು ಅನ್ನೋರಿಗೆ ಇನ್ನೊಂದು ದಾರಿ ಇದೆ. ಚಾಸಿಗೆ ಬೋಲ್ಟು ಮಾಡಿದ, ಡೋರಿಗೆ ತಾಗದ, ಪಕ್ಕಕ್ಕೆ ತಿರುಗೋ ಗಟ್ಟಿ ತೋಳು. ಓಡುವಾಗ ಅದರ ಎರಡೂ ತುದಿ ಚಾಸಿಯ ಮೇಲೆ ಕೂತಿರಬೇಕು. ಆದರೂ ಒಂದು ವಿಷಯ ನೆನಪಿರಲಿ. ಹಿಂದಿನ ಚಕ್ರದಿಂದ ಒಂದು ಮೀಟರ್ ಹಿಂದೆ 70 ಕೆಜಿ ನೇತು ಹಾಕಿದ್ರೆ, ಎರಡು ಚಕ್ರಗಳ ಅಂತರ 2.3 ಮೀಟರ್ ಇರೋ ಗಾಡಿಯ ಮುಂಭಾಗ ಸುಮಾರು 30 ಕೆಜಿ ಹಗುರ ಆಗುತ್ತೆ, ಹಿಂಭಾಗಕ್ಕೆ 100 ಕೆಜಿ ಬೀಳುತ್ತೆ. ಮುಂದಿನ ಚಕ್ರದ ಹಿಡಿತ ಕಮ್ಮಿಯಾಗಿ ಮಳೆಯಲ್ಲಿ ಸ್ಟೀರಿಂಗು, ಬ್ರೇಕು ಎರಡಕ್ಕೂ ಪೆಟ್ಟು.

ಒಳಗೆ ಮಲಗೋರಿಗೆ ಎಚ್ಚರಿಕೆ: ರಾತ್ರಿ ಪೆಟ್ರೋಲ್ ಎಂಜಿನ್ ಮತ್ತು ಕ್ಯಾನು ಹೊರಗೆ ಇಳಿಸಿಯೇ ಮಲಗಿ. ಗಾಡಿ ಒಳಗೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಅದರ ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಆದರೆ ಪ್ರಾಣ ತೆಗೆಯುತ್ತೆ.

ಪಿಕಪ್ ಇಟ್ಟುಕೊಂಡೋರಿಗೆ

ಕೆಳಕ್ಕೆ ಬೀಳೋ ಡೋರಿನ ಮೇಲೇ ಹಲಗೆ ಇಟ್ಟು ಪವರ್ ಟಿಲ್ಲರ್ ಹತ್ತಿಸೋದು ನಮ್ಮ ಕಡೆ ಮಾಮೂಲು. ಟಿಲ್ಲರ್ ಸುಮಾರು 400 ಕೆಜಿ. ಡೋರಿನ ಎರಡು ಚೈನು ಅಷ್ಟಕ್ಕೆ ಮಾಡಿದ್ದಲ್ಲ. ಡೋರನ್ನು ಪೂರ್ತಿ ಕೆಳಗೆ ಇಳಿಬಿಡಿ, ಇಲ್ಲಾ ಬಿಚ್ಚಿಡಿ. ಹಲಗೆಯ ಕೊಕ್ಕೆ ತೊಟ್ಟಿಯ ನೆಲದ ಅಂಚಿಗೇ ಸಿಗಬೇಕು. ತೊಟ್ಟಿ ಮುಕ್ಕಾಲು ಮೀಟರ್ ಎತ್ತರ ಇದ್ರೆ ಹಲಗೆ ಎರಡೂವರೆ ಮೀಟರಾದ್ರೂ ಉದ್ದ ಬೇಕು. ಟಿಲ್ಲರ್ ಹಿಂದೆ ನೇರಕ್ಕೆ ಯಾರೂ ನಿಲ್ಲಬಾರದು.

ಕೈಯಲ್ಲಿರೋ ಮೊಬೈಲೇ ಸಾಕು

ವಾರಕ್ಕೊಮ್ಮೆ ಐದು ನಿಮಿಷ ಕೊಡಿ.

- ಟಾರ್ಚ್ ಹಾಕಿ ಕೀಲಿನ ಸುತ್ತ ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು, ಕೆಂಪು ನೀರಿನ ಗೆರೆ ಕಂಡ್ರೆ ಒಳಗೆ ಸೀಳು ಶುರುವಾಗಿದೆ ಅಂತಲೇ ತಿಳೀರಿ.
- ಒಂದೇ ಜಾಗದಿಂದ ಪ್ರತಿ ವಾರ ಫೋಟೋ ತೆಗೆದು ಹೋಲಿಸಿ. ಡೋರಿನ ಮೇಲಿನ ಸಂದು ಒಂದು ಕಡೆ ಅಗಲ ಆಗ್ತಾ ಇದ್ರೆ ಡೋರು ಜೋಲ್ತಾ ಇದೆ.
- ಸಾಮಾನು ಇಳಿಸಿ, ಡೋರು ತೆರೆದು ತುದಿ ಹಿಡಿದು ಮೇಲಕ್ಕೆ ಎತ್ತಿ. ಲೊಟಲೊಟ ಅಂದ್ರೆ ಕೀಲಿನ ಪಿನ್ ಸವೆದಿದೆ.
- ಡೋರು ಹಾಕುವಾಗ ಎತ್ತಿ ಒತ್ತಬೇಕಾಗಿದ್ರೆ ಇನ್ನು ಕಾಯಬೇಡಿ. ನನ್ನ ಗಾಡಿ ಎರಡು ತಿಂಗಳು ಹಾಗೆ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಕಾನೂನಿನ ಮಾತೂ ಇದೆ. ಸಾಮಾನು ನಂಬರ್ ಪ್ಲೇಟನ್ನಾಗಲಿ, ಹಿಂದಿನ ಲೈಟನ್ನಾಗಲಿ ಮುಚ್ಚಬಾರದು. ಗಾಡಿಯಿಂದ ಹೊರಗೆ ಮಿತಿ ಮೀರಿ ಚಾಚಿದ್ರೆ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ 20,000 ರೂಪಾಯಿ ದಂಡ. ಉದ್ದದ ದೋಟಿ ಒಯ್ಯೋರು ಇದನ್ನ ಮರೀಬೇಡಿ. ಗಾಡಿಯ ಮೂಲ ರಚನೆಯನ್ನೇ ಬದಲಿಸೋ ಕೆಲಸಕ್ಕೆ ಕೈ ಹಾಕೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಇಲ್ಲಾಂದ್ರೆ ಅಪಘಾತ ಆದಾಗ ವಿಮೆಗೂ ತೊಡಕು.

ಟ್ರೇ ಕೆಲಸಕ್ಕೆ ಕಬ್ಬಿಣ, ಬೋಲ್ಟು, ಕೂಲಿ ಸೇರಿ ನನಗೆ 7,500 ರೂಪಾಯಿ ಆಯ್ತು. ಪಂಪ್ ರಿಪೇರಿ ಮತ್ತು ನಾಲ್ಕು ದಿನದ ಕೆಲಸಕ್ಕೆ ಹೋಲಿಸಿದ್ರೆ ಅದು ಕಮ್ಮಿಯೇ. ಈಗ ನಮ್ಮ ಹುಡುಗ ಡೋರು ತೆಗೆಯೋ ಮುಂಚೆ ಒಂದು ಹೆಜ್ಜೆ ಹಿಂದೆ ಸರೀತಾನೆ. ಅಭ್ಯಾಸ ಆಗಿಬಿಟ್ಟಿದೆ. ಅದು ಒಳ್ಳೇ ಅಭ್ಯಾಸ, ನೀವೂ ರೂಢಿ ಮಾಡ್ಕೊಳ್ಳಿ. ಈ ಸಲ ಮೈಲುತುತ್ತ ತರೋಕೆ ಪೇಟೆಗೆ ಹೊರಡೋ ಮುಂಚೆ ಗಾಡಿಯ ಹಿಂದೆ ಹೋಗಿ, ಡೋರಿನ ತುದಿ ಹಿಡಿದು ಒಮ್ಮೆ ಎತ್ತಿ ನೋಡಿ.