ಟರ್ನರ್ ಲಕ್ಷಣಕೂಟ ಎಷ್ಟು ವಿರಳ?

ಸ್ತ್ರೀಯರ ಜೀವಕೋಶಗಳಲ್ಲಿ ಸಾಮಾನ್ಯವಾಗಿರುವ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಪೂರ್ಣವಾಗಿಯೋ ಅಂಶತಃವೋ ಇಲ್ಲದಿರುವ ಸ್ಥಿತಿಗೆ ಟರ್ನರ್ ಲಕ್ಷಣಕೂಟವೆಂದು ಹೆಸರು. ಅಮೆರಿಕದ ವೈದ್ಯ ಹೆನ್ರಿ ಟರ್ನರ್ 1938ರಲ್ಲಿ ಏಳು ಮಂದಿಯಲ್ಲಿ ಇದರ ಲಕ್ಷಣಗಳನ್ನು ವರ್ಣಿಸಿದನು. ವರ್ಣತಂತುವಿನ ಕೊರತೆಯೇ ಕಾರಣವೆಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ಫೋರ್ಡ್ ಮತ್ತು ಸಂಗಡಿಗರು 1959ರಲ್ಲಿ ತೋರಿಸಿದರು.

ಸುಮಾರು 2,000ದಿಂದ 2,500 ಹೆಣ್ಣುಮಕ್ಕಳಿಗೆ ಒಬ್ಬಳಂತೆ ಇದು ಕಂಡುಬರುವುದೆಂದು ಹೇಳುವುದು ವಾಡಿಕೆ. ಆದರೆ ಈ ಲೆಕ್ಕ ಜೀವಂತವಾಗಿ ಹುಟ್ಟಿದವರದು ಮಾತ್ರ. ಒಂದೇ ಎಕ್ಸ್ ಉಳ್ಳ ಭ್ರೂಣಗಳಲ್ಲಿ ನೂರಕ್ಕೆ ಸುಮಾರು 99 ಗರ್ಭದಲ್ಲಿಯೇ ಅಳಿಯುವುವು. ಗರ್ಭಾಂಕುರದ ಹಂತದಲ್ಲಿ ಇದನ್ನು ವಿರಳವೆನ್ನಲು ಬಾರದು.

ಹುಟ್ಟಿದವರ ಎಣಿಕೆಯೂ ಸುಲಭವಲ್ಲ. ಡೆನ್ಮಾರ್ಕಿನಲ್ಲಿ ನವಜಾತ ಶಿಶುಗಳ ವರ್ಣತಂತುಗಳನ್ನು ಸಾಲಾಗಿ ಪರೀಕ್ಷಿಸಿದಾಗ ದೊರೆತ ಪ್ರಮಾಣಕ್ಕಿಂತ, ವೈದ್ಯರು ಗುರುತಿಸಿ ದಾಖಲಿಸಿದವರ ಪ್ರಮಾಣ ಕಡಿಮೆ. ಕೆಲವರಲ್ಲಿ ಒಂದಷ್ಟು ಜೀವಕೋಶಗಳಿಗೆ ಮಾತ್ರ ಈ ಕೊರತೆಯಿದ್ದು ಲಕ್ಷಣಗಳು ಮಸುಕಾಗಿರುತ್ತವೆ. ಹುಡುಗಿ ಕುಳ್ಳಾಗಿದ್ದರೆ ಅದು ಮನೆತನದ ಗುಣವೆಂದು ಎಲ್ಲರೂ ಸುಮ್ಮನಾಗುವರು. ಆಕೆ ಋತುಮತಿಯಾಗದಿದ್ದಾಗಲೇ ಶಂಕೆ ಹುಟ್ಟುವುದು. ಈ ವಿಳಂಬಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಮೂಳೆಗಳ ತುದಿಗಳು ಬೆಸೆದುಕೊಂಡ ಮೇಲೆ ಬೆಳವಣಿಗೆಯ ಹಾರ್ಮೋನಿನಿಂದ ಎತ್ತರ ಹೆಚ್ಚದು. ಮಹಾಪಧಮನಿಯಲ್ಲಿ ದೋಷವಿದ್ದರೆ ಅದೂ ಯಾರ ಗಮನಕ್ಕೂ ಬಾರದೆ ಉಳಿದೀತು.