ಕೇರಿ ಸಾಹೇಬರ ಒಂದು ದಿನದ ಲೆಕ್ಕ

ಕಾಗದ ಬರೆಯುವುದರಲ್ಲಿ ವಿಲಿಯಂ ಕೇರಿ ಸೋಮಾರಿ ಎಂಬ ದೂರು ಇಂಗ್ಲೆಂಡಿನ ಗೆಳೆಯರಲ್ಲಿತ್ತು. 1806ರ ಜೂನ್ 12ರಂದು ಆ ಗೆಳೆಯರಲ್ಲೊಬ್ಬರಾದ ಜಾನ್ ರೈಲೆಂಡ್ ಅವರಿಗೆ ಬರೆದ ಪತ್ರದಲ್ಲಿ ಅವರು ಇದಕ್ಕೆ ಸಮಜಾಯಿಷಿ ಕೊಟ್ಟರು. ವಾದ ಮಾಡುವ ಗೋಜಿಗೆ ಹೋಗದೆ, ಆ ದಿನ ಬೆಳಗಿನಿಂದ ರಾತ್ರಿಯವರೆಗೆ ತಾವು ಏನೇನು ಮಾಡಿದೆವು ಎಂದು ಪಟ್ಟಿ ಮಾಡಿ ಕಳಿಸಿದರು.

ಆರಕ್ಕೆ ಕಾಲು ಗಂಟೆ ಇರುವಾಗ ಏಳುವುದು. ಹೀಬ್ರೂ ಬೈಬಲಿನ ಒಂದು ಅಧ್ಯಾಯ ಓದಿ, ಏಳರವರೆಗೆ ಪ್ರಾರ್ಥನೆ. ಬಳಿಕ ಮನೆಯ ಆಳುಕಾಳುಗಳ ಜೊತೆ ಬಂಗಾಳಿಯಲ್ಲಿ ಆರಾಧನೆ. ಚಹಾ ಬರುವ ಹೊತ್ತಿಗೆ ಮುನ್ಷಿಯೊಂದಿಗೆ ಪಾರಸಿ ಪಾಠ. ತಿಂಡಿ ಮುಗಿಯುತ್ತಲೇ ಪಂಡಿತರೊಬ್ಬರನ್ನು ಕೂರಿಸಿಕೊಂಡು ಸಂಸ್ಕೃತ ರಾಮಾಯಣದ ಅನುವಾದ. ಹತ್ತಕ್ಕೆ ಫೋರ್ಟ್ ವಿಲಿಯಂ ಕಾಲೇಜು. ಅಲ್ಲಿ ಕಂಪನಿ ಸರ್ಕಾರದ ಎಳೆಯ ಅಧಿಕಾರಿಗಳಿಗೆ ಪಾಠ. ಮಧ್ಯಾಹ್ನ ಮನೆಗೆ ಬಂದರೆ ಬಂಗಾಳಿ ಯೆರೆಮೀಯನ ಕರಡಚ್ಚು ತಿದ್ದುವುದು. ಊಟವಾದ ಮೇಲೆ ಕಾಲೇಜಿನ ಮುಖ್ಯ ಪಂಡಿತರ ನೆರವಿನಿಂದ ಮತ್ತಾಯನ ಸುವಾರ್ತೆ ಸಂಸ್ಕೃತಕ್ಕೆ. ಸಂಜೆ ಆರಕ್ಕೆ ತೆಲುಗು ಪಂಡಿತರ ಮುಂದೆ ವಿದ್ಯಾರ್ಥಿಯಾಗಿ ಕೂರುವುದು. ಏಳೂವರೆಗೆ ನಲವತ್ತು ಜನರಿಗೆ ಇಂಗ್ಲಿಷಿನಲ್ಲಿ ಪ್ರಸಂಗ. ಅಲ್ಲಿಂದ ಹನ್ನೊಂದರವರೆಗೆ ಬಂಗಾಳಿಗೆ ಯೆಹೆಜ್ಕೇಲ. ಈ ಕಾಗದ ಬರೆಯಲು ಕೂತದ್ದು ಅದೆಲ್ಲ ಆದ ಮೇಲೆ. ಮಲಗುವ ಮುಂಚೆ ಗ್ರೀಕ್ ಒಡಂಬಡಿಕೆಯ ಒಂದು ಅಧ್ಯಾಯ ಬೇರೆ.

ಓದಿದವರಿಗೇ ಆಯಾಸವಾಗುವ ದಿನಚರಿ ಇದು. ಆದರೆ ಕೇರಿಯವರಿಗೆ ಇದು ಹೆಚ್ಚುಗಾರಿಕೆಯ ಮಾತಾಗಿರಲಿಲ್ಲ. ನಾರ್ಥಾಂಪ್ಟನ್‌ಶೈರಿನಲ್ಲಿ ಜೋಡು ಹೊಲಿಯುತ್ತಿದ್ದ ಅವರು 1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದರು, 1800ರಲ್ಲಿ ಶ್ರೀರಾಮಪುರದಲ್ಲಿ ನೆಲೆ ನಿಂತರು. ಅಲ್ಲಿ ಅವರೂ ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಮೊದಲಾದವರೂ ಸೇರಿ 1805ರಲ್ಲಿ ಒಂದು ಒಪ್ಪಂದಪತ್ರ ಬರೆದುಕೊಂಡರು. ಸಮಯ, ಬುದ್ಧಿ, ಶಕ್ತಿ, ಸಂಸಾರ, ಕೊನೆಗೆ ಉಟ್ಟ ಬಟ್ಟೆ ಕೂಡ ನಮ್ಮದೆಂದು ಭಾವಿಸತಕ್ಕದ್ದಲ್ಲ ಎಂಬುದು ಅದರ ಸಾರ. ವರ್ಷಕ್ಕೆ ಮೂರು ಸಲ ಪ್ರತಿಯೊಂದು ಕೇಂದ್ರದಲ್ಲಿಯೂ ಅದನ್ನು ಗಟ್ಟಿಯಾಗಿ ಓದಬೇಕೆಂದೂ ಗೊತ್ತುಮಾಡಿಕೊಂಡಿದ್ದರು.

ಈ ಯೋಚನೆಯ ಬೇರು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಸಾಮ್ಯದಲ್ಲಿದೆ. ಪರಸ್ಥಳಕ್ಕೆ ಹೊರಟ ಧಣಿ ಒಬ್ಬ ಆಳಿಗೆ ಐದು ತಲಾಂತು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ಒಪ್ಪಿಸಿ ಹೋಗುತ್ತಾನೆ. ಹಿಂದಿರುಗಿ ಬಂದು ಲೆಕ್ಕ ಕೇಳುತ್ತಾನೆ. ಕ್ರೈಸ್ತರು ಹಣಕ್ಕೆ ಅನ್ವಯಿಸುವಷ್ಟೇ ಸಲೀಸಾಗಿ ಇದನ್ನು ಸಮಯಕ್ಕೂ ಅನ್ವಯಿಸುತ್ತಾರೆ: ಆಯುಸ್ಸು ದೇವರದು, ಮನುಷ್ಯ ಅದರ ಮನೆವಾರ್ತೆಯವನು ಮಾತ್ರ. ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಐದಕ್ಕೆ ಐದು ಗಳಿಸಿದವನಿಗೂ ಎರಡಕ್ಕೆ ಎರಡು ಗಳಿಸಿದವನಿಗೂ ಸಿಗುವ ಶಭಾಷ್‌ಗಿರಿ ಒಂದೇ. ಧಣಿ ನೋಡಿದ್ದು ನಂಬಿಗಸ್ತಿಕೆಯನ್ನು, ಮೊತ್ತವನ್ನಲ್ಲ. ಕೇರಿಯವರ ದಿನಚರಿಯನ್ನು ಪ್ರಸಂಗಪೀಠದಿಂದ ಕೊಂಡಾಡುವವರು ಸಾಮಾನ್ಯವಾಗಿ ಇದನ್ನು ಮರೆಯುತ್ತಾರೆ.

ಆ ದುಡಿಮೆಯ ಫಲ ಕನ್ನಡಕ್ಕೂ ಸಿಕ್ಕಿತು. ಕೇರಿಯವರ ಕರ್ಣಾಟಕ ಭಾಷೆಯ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಅವರು ತೀರಿಕೊಂಡದ್ದು 1834ರ ಜೂನ್‌ನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಅದೇ ಮಿಷನ್ನಿನಿಂದ 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಅವರ ನಿಘಂಟು ಹೊರಬಿದ್ದದ್ದು 1894ರಲ್ಲಿ. ಸುಮಾರು 70,000 ಪದಗಳು, 1,752 ಪುಟಗಳು. ಸುವಾರ್ತೆ ಸಾರಲು ಬಂದವರು ಹಳೆಗನ್ನಡದ ಹಸ್ತಪ್ರತಿಗಳ ಮುಂದೆ ಕೂತರೆ ಹೇಗೆ ಎಂಬ ಅಸಮಾಧಾನ ಮಿಷನ್ನಿನೊಳಗೇ ಇತ್ತು. ಯಾರ ಗಂಟೆ ಸಾರ್ಥಕ, ಯಾರದು ವ್ಯರ್ಥ ಎಂದು ಅದೇ ದಿನ ತೀರ್ಪು ಕೊಡುವುದು ಕಷ್ಟ.

ಇನ್ನು, ಕೇರಿಯವರ ಪಟ್ಟಿಯಲ್ಲಿ ಇಲ್ಲದ ಹೆಸರೊಂದಿದೆ: ಹೆಂಡತಿ ಡೊರೊಥಿ. ಅವರಿಗೆ ಭಾರತಕ್ಕೆ ಬರುವ ಮನಸ್ಸೇ ಇರಲಿಲ್ಲ. ಹಡಗು ತಡವಾಯಿತು, ಒತ್ತಾಯ ಹೆಚ್ಚಾಯಿತು. ಕೆಲವೇ ವಾರಗಳ ಹಿಂದೆ ಹೆತ್ತ ಕೂಸನ್ನು ಎತ್ತಿಕೊಂಡು ಹೊರಟುಬಂದರು. 1794ರಲ್ಲಿ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ತೀರಿಕೊಂಡ. ಅದಾದ ಸ್ವಲ್ಪ ಕಾಲಕ್ಕೆ ಡೊರೊಥಿಯವರ ಬುದ್ಧಿ ಕೆಟ್ಟಿತು. 1807ರ ಡಿಸೆಂಬರ್‌ನಲ್ಲಿ ಸಾಯುವವರೆಗೂ ಅವರನ್ನು ಬಹುಮಟ್ಟಿಗೆ ಕೋಣೆಯಲ್ಲಿ ಕೂಡಿಡಬೇಕಾಗಿತ್ತು. ಅಂದರೆ ಆ ಹೆಸರಾಂತ ದಿನಚರಿ ಬರೆದ ಕಾಲಕ್ಕೆ ಅವರು ಇನ್ನೂ ಬದುಕಿದ್ದರು. ಕೇರಿ ಅವರನ್ನು ದೂರ ಮಾಡಲಿಲ್ಲ, ಹುಚ್ಚಾಸ್ಪತ್ರೆಗೆ ಕಳಿಸಲೂ ಇಲ್ಲ. ಅದು ಅವರ ದೊಡ್ಡತನವೇ ಸರಿ. ಆದರೆ ಸಂಸಾರವೂ ನಮ್ಮದಲ್ಲ ಎಂದು ಒಪ್ಪಂದಕ್ಕೆ ರುಜು ಹಾಕಿದವರಲ್ಲಿ, ಆ ಸಂಸಾರದ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಪುಂಡಾಟಕ್ಕೆ ಬಿದ್ದಿದ್ದ ಕೇರಿಯವರ ಗಂಡುಮಕ್ಕಳನ್ನು ದಾರಿಗೆ ತಂದದ್ದು ವಾರ್ಡ್ ಮತ್ತು ಜೋಶುವಾ ಅವರ ಹೆಂಡತಿ ಹ್ಯಾನಾ ಮಾರ್ಷ್‌ಮನ್. ಸ್ವಂತ ಮಕ್ಕಳ ಜೊತೆಗೆ ವಸತಿಶಾಲೆ, ಅದರ ಅಡಿಗೆ, ಕಾಯಿಲೆಯವರ ಆರೈಕೆ ಎಲ್ಲವೂ ಹ್ಯಾನಾ ಅವರ ಹೆಗಲ ಮೇಲಿತ್ತು. ಆ ಶಾಲೆಯ ಆದಾಯವೇ ಮಿಷನ್ನಿಗೆ ದೊಡ್ಡ ಆಸರೆಯಾಗಿತ್ತು. ಅವರ ಒಂದು ದಿನದ ಪಟ್ಟಿಯನ್ನು ಯಾರೂ ಹೀಗೆ ಕೊಂಡಾಡಲಿಲ್ಲ.

ಸಮಯದ ವಿಷಯದಲ್ಲಿ ಕ್ರೈಸ್ತರು ಬೈಬಲಿನಿಂದ ಕಲಿಯಬೇಕಾದ ಇನ್ನೊಂದು ಪಾಠ ಮಾರ್ಕನ ಸುವಾರ್ತೆಯ ಐದನೇ ಅಧ್ಯಾಯದಲ್ಲಿದೆ. ಸಭಾಮಂದಿರದ ಅಧಿಕಾರಿ ಯಾಯೀರನ ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸು ಅವನ ಮನೆಗೆ ಅವಸರದಲ್ಲಿ ಹೊರಟಿದ್ದಾನೆ. ದಾರಿಯಲ್ಲಿ, ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಗುಂಪಿನಲ್ಲಿ ನುಸುಳಿ ಅವನ ಉಡುಪನ್ನು ಮುಟ್ಟುತ್ತಾಳೆ. ಅವಳು ಗುಣವಾದ ಮೇಲೆ ಅವನು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ನಿಂತ, ಯಾರೆಂದು ಕೇಳಿದ, ಅವಳು ನಡುಗುತ್ತ ಹೇಳಿದ್ದೆಲ್ಲ ಕೇಳಿಸಿಕೊಂಡ. ಅಷ್ಟರಲ್ಲಿ ಹುಡುಗಿ ಸತ್ತ ಸುದ್ದಿಯೇ ಬಂತು. ಹುಡುಗಿ ಮತ್ತೆ ಎದ್ದಳೆಂದು ಕಥೆ ಮುಂದುವರಿಯುತ್ತದೆ, ನಿಜ; ಆದರೆ ತುರ್ತಿನ ನಡುವೆ ಒಬ್ಬಳಿಗಾಗಿ ನಿಂತದ್ದನ್ನು ಸುವಾರ್ತೆ ತಡ ಎಂದು ಲೆಕ್ಕ ಹಿಡಿಯುವುದಿಲ್ಲ.

ಪ್ರಾರ್ಥನೆಗೆ ಇಷ್ಟು, ವಾಕ್ಯಪಠನಕ್ಕೆ ಇಷ್ಟು, ಸಭೆಯ ಕೆಲಸಕ್ಕೆ ಇಷ್ಟು ಎಂದು ಡೈರಿಯಲ್ಲಿ ಗೆರೆ ಹಾಕಿಟ್ಟುಕೊಳ್ಳುವವರು ಇವತ್ತಿಗೂ ಇದ್ದಾರೆ, ಒಳ್ಳೆಯ ಅಭ್ಯಾಸವೇ. ಅಂಥವರು ಕೇರಿಯವರಿಂದ ಶಿಸ್ತು ಕಲಿಯಲಿ. ಜೊತೆಗೆ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿದ ಅರ್ಧ ಗಂಟೆಯನ್ನೂ ಅದೇ ಪುಟದಲ್ಲಿ ಸೇವೆಯ ಕೆಳಗೇ ಬರೆದುಕೊಳ್ಳಲಿ.